ಮೇಲ್ಮಹಡಿಯ ಷವರ್ ತೊಟ್ಟಿಕ್ಕುತ್ತಿದೆ: ದೊಡ್ಡ ಟ್ಯಾಂಕ್ ಇಟ್ಟರೆ ಸರಿಯಾಗುತ್ತದೆಯೇ?

ಅಂಬಲಪಾಡಿ, ಉಡುಪಿ (ಪ್ರಶ್ನೆ)
ತಾರಸಿಯ ಟ್ಯಾಂಕಿನ ತಳದಿಂದ ಷವರಿಗೆ ಒಂದೂವರೆ ಮೀಟರ್ ಇಳಿತ. 500 ಲೀಟರಿನದನ್ನು ತೆಗೆದು 2000 ಲೀಟರಿನ ಟ್ಯಾಂಕ್ ಇಟ್ಟರೆ ರಭಸ ಬರುತ್ತದೆ ಎನ್ನುತ್ತಾರೆ ಪ್ಲಂಬರ್. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಕದ್ರಿ
ಇದೇ ಮಾತನ್ನು ನಂಬಿ 11,200 ರೂಪಾಯಿ ಕೊಟ್ಟು ದೊಡ್ಡ ಟ್ಯಾಂಕ್ ಇಡಿಸಿದೆ. ಷವರ್ ಮೊದಲಿನಂತೆಯೇ ಇತ್ತು. ಹಳೆಯ 1000 ಲೀಟರಿನದನ್ನೇ ಎರಡು ಮೀಟರ್ ಎತ್ತರಿಸಿ ಇಟ್ಟ ಮೇಲೆ ನೀರು ಬಿರುಸಾಯಿತು. ಆದರೆ ಮುರಕಲ್ಲಿಗೆ 4,800, ಮೇಸ್ತ್ರಿಗೆ 6,500 ಆದ ಮೇಲೆ ಹಾಸುಗಲ್ಲಿನ ಖರ್ಚು ಉಳಿಸಲು ಹೋದೆ. ನಾಲ್ಕು ಕಂಬಗಳ ಮೇಲೆ ಟ್ಯಾಂಕನ್ನು ನೇರವಾಗಿ ಕೂರಿಸಿದೆವು. ಒಂದೊಂದು ಕಂಬದ ತಲೆ 20 ಸೆಂಟಿಮೀಟರ್ ಚೌಕ. ಒಂದು ಟನ್ ನೀರಿನ ಭಾರ ಅಷ್ಟೇ ಜಾಗದ ಮೇಲೆ! ಇಡೀ ತಳ ಊರಿದ್ದರೆ ಬೀಳುತ್ತಿದ್ದ ಒತ್ತಡದ ಸುಮಾರು ಆರು ಪಟ್ಟು. ಎಂಟು ತಿಂಗಳಿಗೆ ತಳ ಸೀಳಿತು. ರಾತ್ರಿ ಎರಡು ಗಂಟೆಗೆ ಮೆಟ್ಟಿಲಲ್ಲಿ ಹೊಳೆ. ಹಾಸಿಗೆ, ಮಗಳ ಪುಸ್ತಕಗಳು ಎಲ್ಲವೂ ನೆನೆದವು. ಎತ್ತರಿಸಿ, ಆದರೆ ಅಡಿಗೆ ಗಟ್ಟಿ ಚಪ್ಪಡಿ ಹಾಸದೆ ಎತ್ತರಿಸಬೇಡಿ.

ಬಿಜೈ
ಅಷ್ಟೆಲ್ಲ ಯಾಕೆ? ನಾವು ಮುಕ್ಕಾಲು ಇಂಚಿನ ಪೈಪ್ ತೆಗೆದು ಅರ್ಧ ಇಂಚಿನದು ಹಾಕಿಸಿದೆವು. ಪೈಪ್ ಸಣ್ಣದಾದರೆ ಒತ್ತಡ ಹೆಚ್ಚು. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದವರಿಗೆಲ್ಲ ಇದು ಗೊತ್ತು.

ಸುರತ್ಕಲ್, ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ
ದಯವಿಟ್ಟು ಇದನ್ನು ಹರಡಬೇಡಿ. ಮೂವತ್ತು ವರ್ಷ ಪಿಯುಸಿ ಮಕ್ಕಳ ತಲೆಯಿಂದ ಈ ತಪ್ಪನ್ನು ಕಿತ್ತು ಹಾಕಿದ್ದೇನೆ. ನಿಂತ ನೀರಿನ ಒತ್ತಡ ನಿಲ್ಲುವುದು ಎತ್ತರದ ಮೇಲೆ ಮಾತ್ರ. ಟ್ಯಾಂಕಿನ ಅಗಲವಾಗಲಿ ಪೈಪಿನ ಅಗಲವಾಗಲಿ ಲೆಕ್ಕಕ್ಕಿಲ್ಲ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ (ಒತ್ತಡದ ಅಳತೆ). ಪ್ರಶ್ನೆ ಕೇಳಿದವರಿಗೆ ಟ್ಯಾಂಕ್ ಬರಿದಾಗುತ್ತ ಬಂದಾಗ ಸಿಗುವುದು 0.15 ಬಾರ್. ಹೆಬ್ಬೆರಳು ಒತ್ತಿದಾಗ ಬಾಯಿಯಲ್ಲಿ ವೇಗ ಹೆಚ್ಚುತ್ತದೆ, ಬರುವ ನೀರು ಕಡಿಮೆಯಾಗುತ್ತದೆ. ಉದ್ದಕ್ಕೂ ಸಣ್ಣ ಪೈಪ್ ಹಾಕಿದರೆ ನೀರು ಹರಿಯುವಾಗ ಘರ್ಷಣೆಯಲ್ಲಿ ಇದ್ದ ಒತ್ತಡವೂ ಸೋರಿಹೋಗುತ್ತದೆ.

ಬಿಜೈ
ನಮ್ಮ ಮನೆಗೆ ಬಂದು ಸ್ನಾನ ಮಾಡಿ ನೋಡಿ, ಸರ್. ಆಮೇಲೆ ಪಾಠ ಹೇಳಿ.

ಸುರತ್ಕಲ್
ಒಂದು ಬಾಲ್ದಿ ತುಂಬಲು ಎಷ್ಟು ನಿಮಿಷ ಬೇಕೆಂದು ಗಡಿಯಾರ ಹಿಡಿದು ನೋಡಿದ್ದೀರಾ, ಅಮ್ಮಾ?

ಕಂಕನಾಡಿ
ನಾನು ಪ್ರೆಷರ್ ಪಂಪ್ ಹಾಕಿಸಿದೆ: 9,400, ಜೋಡಣೆಗೆ 2,200. ಮೊದಲ ವಾರವೇ ಗೋಡೆಯೊಳಗಿನ ಹಳೆಯ ಜಾಯಿಂಟ್ ಬಿಟ್ಟುಕೊಂಡಿತು. ಟೈಲ್ಸ್ ಒಡೆದು ಮತ್ತೆ ಕೂರಿಸಲು 14,000. ಕರೆಂಟ್ ಹೋದರೆ ಹಳೆಯ ಕಥೆಯೇ. ಆದರೂ ವಿಷಾದವಿಲ್ಲ. ಮಂಡಿ ನೋವಿರುವ ಅತ್ತೆಗೆ ಬಗ್ಗಿ ಬಾಲ್ದಿ ಎತ್ತುವುದು ತಪ್ಪಿದೆ.

ಮಣಿಪಾಲ
ಪಂಪು ಎಂದರೆ ಎಲ್ಲವೂ ಆಗುತ್ತದೆ ಎಂದುಕೊಳ್ಳಬೇಡಿ. ನಮ್ಮ ಬಾವಿಯಲ್ಲಿ ಏಪ್ರಿಲಿಗೆ ನೀರು 11 ಮೀಟರ್ ಕೆಳಗೆ. ಕಟ್ಟೆಯ ಮೇಲಿನ ಒಂದು ಎಚ್‌ಪಿ ಪಂಪು ಎಳೆಯಲಿಲ್ಲ. ಒಂದೂವರೆ ಎಚ್‌ಪಿ ತಂದೆ, 13,700. ಅದೂ ಬರೀ ಗಾಳಿ. ಪೈಪಿನ ತಳದಲ್ಲಿ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಫುಟ್‌ವಾಲ್ವ್ ಎರಡು ಸಲ ಬದಲಾಯಿಸಿದೆ. ಪಂಪು ನೀರನ್ನು ಎಳೆಯುವುದಲ್ಲ, ಪೈಪಿನೊಳಗೆ ಗಾಳಿ ತೆಳುವಾದಾಗ ಹೊರಗಿನ ವಾತಾವರಣವೇ ನೀರನ್ನು ಮೇಲೆ ತಳ್ಳುವುದು, ಅದಕ್ಕೆ 10.3 ಮೀಟರಿನಾಚೆ ಶಕ್ತಿಯಿಲ್ಲ ಎಂಬುದನ್ನು ಯಾವ ಅಂಗಡಿಯವರೂ ಹೇಳಲಿಲ್ಲ. ನೀರಿನೊಳಗೆ ಇಳಿಬಿಡುವ ಪಂಪಿಗೆ ಮತ್ತೆ 16,000 ಕೊಟ್ಟೆ.

ಕದ್ರಿ
ಇಲ್ಲಿ ಬಾವಿಯನ್ನು ಯಾರು ಕೇಳಿದರು? ಅವರ ಸಮಸ್ಯೆ ತಾರಸಿಯದ್ದು.

ಮಣಿಪಾಲ
ಬಾವಿ ಬತ್ತಿದರೆ ತಾರಸಿಯ ಟ್ಯಾಂಕಿಗೆ ನೀರು ಎಲ್ಲಿಂದ ಬರುತ್ತದೆ? ನಗರಸಭೆಯ ನಳ್ಳಿ ಇರುವವರಿಗೆ ಈ ಸಂಕಟ ಅರ್ಥವಾಗುವುದಿಲ್ಲ.

ಬಿಜೈ
ಗಡಿಯಾರ ಹಿಡಿದು ನೋಡಿದೆ. ನಾಲ್ಕು ನಿಮಿಷ. ಮೊದಲು ಎಷ್ಟಿತ್ತೆಂದು ಅಳೆದಿರಲಿಲ್ಲ. ಪೈಪ್ ಬದಲಾಯಿಸುವುದಿಲ್ಲ.