ಸಹಾಯ ಬೇಕು: ಹಳೇ ಮೂರು ಗಾಲಿ ಸೈಕಲ್‌ಗೆ ಟೈರ್ ಎಲ್ಲಿ ಸಿಗುತ್ತೆ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಒಂದು ಗುಜರಿ ಅಂಗಡಿಯಲ್ಲಿ ಮಕ್ಕಳ ಹಳೇ ಮೂರು ಗಾಲಿ ಸೈಕಲ್ ಸಿಕ್ಕಿದೆ. ಪೂರ್ತಿ ಕಬ್ಬಿಣದ್ದು, ಎತ್ತಿದರೆ ಕೈ ಸೋಲುತ್ತೆ. ಚೈನ್ ಇಲ್ಲ, ಪೆಡಲ್ ನೇರವಾಗಿ ಮುಂದಿನ ಗಾಲಿಗೇ ಕೂತಿದೆ. ಹಿಂದೆ ಇನ್ನೊಂದು ಮಗು ನಿಲ್ಲೋಕೆ ತಗಡಿನ ಹಲಗೆ. ಕೆಂಪು ಬಣ್ಣ ಕೆರೆದರೆ ಹಸಿರು, ಅದರ ಕೆಳಗೆ ನೀಲಿ. ಎಷ್ಟು ಮನೆ ಸುತ್ತಿ ಬಂದಿದೆಯೋ! ಕಂಪನಿ ಹೆಸರು ಮಾತ್ರ ಎಲ್ಲೂ ಕಾಣುತ್ತಿಲ್ಲ.

ಸೀಮೆಎಣ್ಣೆ ಹಚ್ಚಿದ ಮೇಲೆ ತುಕ್ಕು ಹಿಡಿದ ನಟ್ಟುಗಳು ಸಡಿಲ ಆಗಿವೆ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಅದರ ಧೂಳು ಮಕ್ಕಳಿಗೆ ಒಳ್ಳೇದಲ್ಲ. ಹಾಗಾಗಿ ನೀರು ಹಾಕಿಕೊಂಡೇ ಉಜ್ಜುತ್ತಿದ್ದೇನೆ.

ತಲೆನೋವು ಟೈರಿನದು. ಗಾಳಿ ಹಾಕುವಂಥದ್ದಲ್ಲ, ಗಟ್ಟಿ ರಬ್ಬರ್. ಹಿಂದಿನ ಎರಡೂ ಬಿರುಕು ಬಿಟ್ಟು ಪುಡಿಪುಡಿಯಾಗಿ ಉದುರುತ್ತಿವೆ. ಸೈಕಲ್ ಅಂಗಡಿಯಲ್ಲಿ ಕೇಳಿದರೆ "ಸುಮ್ನೆ ಹೊಸದು ತಗೊಳ್ಳಿ ಸಾರ್" ಅಂತಾರೆ. ಹೊಸದು ಬೇಕಿದ್ದರೆ ಗುಜರಿಗೆ ಯಾಕೆ ಹೋಗ್ತಿದ್ದೆ, ಅಲ್ವಾ?

ಅಳತೆಗೆ ರಬ್ಬರ್ ಕತ್ತರಿಸಿ ರಿಮ್‌ಗೆ ಕೂರಿಸಿಕೊಡುವವರು ಇಲ್ಲಿ, ಹರಿಹರ ಅಥವಾ ಚಿತ್ರದುರ್ಗದಲ್ಲಿ ಇದ್ದಾರಾ? ಹ್ಯಾಂಡಲ್‌ಗೆ ನಿಕ್ಕಲ್ ಹಾಕುವವರೂ ಬೇಕು. ಖರ್ಚು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಬಣ್ಣ ನಾನೇ ಹೊಡೆಯುತ್ತೇನೆ. ಗೊತ್ತಿದ್ದವರು ದಯವಿಟ್ಟು ತಿಳಿಸಿ, ಗಾಲಿಯ ಅಳತೆ, ಫೋಟೋ ಕಳಿಸುತ್ತೇನೆ.