ಸಾನ್ ಹೊಸೆಯಲ್ಲಿ ಬಸ್ ಬದಲಿಸುವುದು ಹೇಗೆ? ವಿಮಾನ ನಿಲ್ದಾಣದಿಂದ ತುರ್ರಿಯಾಲ್ಬಾವರೆಗಿನ ದಾರಿ

ತೊಗರಿಸೀಮೆ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಕೃಷಿ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ. ಬರುವ ಜೂನ್ ತಿಂಗಳಲ್ಲಿ ಕೋಸ್ಟಾ ರಿಕಾದ ತುರ್ರಿಯಾಲ್ಬಾ ಪಟ್ಟಣಕ್ಕೆ ಹೋಗಿ, ಅಲ್ಲಿರುವ ಕಾಟಿಯೆ ಎಂಬ ಉಷ್ಣವಲಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲವು ವಾರ ಇರಬೇಕಾಗಿದೆ. ಕಾಫಿ ತಳಿಗಳ ಬಹು ದೊಡ್ಡ ಸಂಗ್ರಹವೊಂದು ಅಲ್ಲಿದೆ. ಅದನ್ನು ನೋಡಬೇಕೆಂಬುದು ನನ್ನ ಬಹುದಿನಗಳ ಆಸೆ.

ವಿಮಾನವು ರಾಜಧಾನಿ ಸಾನ್ ಹೊಸೆಯ ಬಳಿ ಇಳಿಯುವುದು ಮಧ್ಯಾಹ್ನ ಮೂರು ಗಂಟೆಯ ಮೇಲೆ. ಅಲ್ಲಿಂದ ತುರ್ರಿಯಾಲ್ಬಾ ಸುಮಾರು 65 ಕಿಲೋಮೀಟರ್ ಎಂದು ನಕ್ಷೆ ತೋರಿಸುತ್ತದೆ. ವಿದ್ಯಾರ್ಥಿವೇತನದಲ್ಲೇ ಎಲ್ಲ ಖರ್ಚು ತೂಗಿಸಬೇಕಾಗಿರುವುದರಿಂದ ಇಡೀ ದಾರಿಗೆ ಕಾರು ಗೊತ್ತುಮಾಡುವುದು ನನಗೆ ಆಗದ ಮಾತು. ನಮ್ಮ ಕಲಬುರಗಿಯ ಕೇಂದ್ರ ಬಸ್ ನಿಲ್ದಾಣದಲ್ಲಿ ಒಂದೇ ಆವರಣದೊಳಗೆ ಬೀದರ್ ಬಸ್ಸೂ ಸಿಗುತ್ತದೆ, ಸೊಲ್ಲಾಪುರದ್ದೂ ಸಿಗುತ್ತದೆ. ಸಾನ್ ಹೊಸೆಯಲ್ಲಿಯೂ ಅಂಥ ಮುಖ್ಯ ನಿಲ್ದಾಣವಿದೆಯೇ? ವಿಮಾನ ನಿಲ್ದಾಣದಿಂದ ಅಲ್ಲಿಗೆ ಹೋಗಿ, ಅದೇ ಸಂಜೆ ಮುಂದಿನ ಬಸ್ ಹಿಡಿಯಬಹುದೇ? ಕೆಲಸ ಮುಗಿದ ಮೇಲೆ ಬಸ್ಸಿನಲ್ಲಿಯೇ ನಿಕರಾಗುವಾದ ಮನಾಗುವಾವರೆಗೆ ಹೋಗಿ ಬರುವ ಯೋಚನೆಯೂ ಇದೆ. ಆ ಕಡೆ ಓಡಾಡಿದ ಹಿರಿಯರು ದಯವಿಟ್ಟು ತಿಳಿಸಬೇಕು.

ಬೀದರ್ ಕೋಟೆಬಾಗಿಲು

ತಂಗಿ, ಉದ್ಯೋಗದ ನಿಮಿತ್ತ ನಾನು ಆ ನಗರದ ಪಕ್ಕದ ಎರೆದಿಯಾದಲ್ಲಿ ವಾಸವಿದ್ದು, ದಿನವೂ ಬಸ್ಸಿನಲ್ಲಿಯೇ ಓಡಾಡಿದವನು. ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ, ಬಸ್ಸಿನಲ್ಲಿ ಹೋಗಬಹುದು. ಆದರೆ ಸಾನ್ ಹೊಸೆಯಲ್ಲಿ ಎಲ್ಲ ಊರುಗಳಿಗೂ ಒಂದೇ ಮುಖ್ಯ ನಿಲ್ದಾಣ ಎಂಬುದಿಲ್ಲ. ಆಯಾ ದಿಕ್ಕಿನ ಮಾರ್ಗಗಳನ್ನು ಬೇರೆ ಬೇರೆ ಖಾಸಗಿ ಕಂಪನಿಗಳು ಪರವಾನಗಿ ಪಡೆದು ನಡೆಸುತ್ತವೆ, ಅವುಗಳ ನಿಲ್ದಾಣಗಳು ನಗರದ ಬೇರೆ ಬೇರೆ ಮೂಲೆಗಳಲ್ಲಿವೆ. ಪೂರ್ವ ಕರಾವಳಿಯ ಲಿಮೋನ್‌ಗೆ ಹೋಗುವವರು ಉತ್ತರ ಭಾಗದಲ್ಲಿರುವ ಗ್ರಾನ್ ತೆರ್ಮಿನಲ್ ದೆಲ್ ಕರೀಬೆಗೆ ಹೋಗಬೇಕು, ಪಶ್ಚಿಮ ಭಾಗದ ಕೋಕಾಕೋಲಾ ನಿಲ್ದಾಣದಿಂದ ಹೊರಡುವ ಬಸ್ಸುಗಳ ದಾರಿಯೇ ಬೇರೆ. ಆದುದರಿಂದ ಬಸ್ ನಿಲ್ದಾಣ ಎಲ್ಲಿ ಎಂದು ಕೇಳಿದರೆ ಅಲ್ಲಿನವರು ಮೊದಲು ಯಾವ ಊರಿಗೆ ಎಂದೇ ಕೇಳುತ್ತಾರೆ. ನೀವು ಆರಂಭದಲ್ಲಿಯೇ ತುರ್ರಿಯಾಲ್ಬಾ ಎಂದು ಹೇಳಿಬಿಡಿ.

ಹುವಾನ್ ಸಾಂತಾಮರಿಯಾ ವಿಮಾನ ನಿಲ್ದಾಣ ಇರುವುದು ರಾಜಧಾನಿಯಲ್ಲಲ್ಲ, ಅಲಹುವೆಲಾ ಎಂಬ ಪಟ್ಟಣಕ್ಕೆ ತಾಗಿಕೊಂಡು. ಅಲಹುವೆಲಾದಿಂದ ಸಾನ್ ಹೊಸೆಗೆ ಹೋಗುವ ತುವಾಸಾ ಕಂಪನಿಯ ಬಸ್ಸುಗಳು ವಿಮಾನ ನಿಲ್ದಾಣದ ಹೊರಗಿನ ರಸ್ತೆಯಲ್ಲಿ ನಿಲ್ಲುತ್ತವೆ ಮತ್ತು ದಿನವಿಡೀ ಮೇಲಿಂದ ಮೇಲೆ ಬರುತ್ತವೆ. ಹತ್ತುವ ಮೊದಲು ಸಾನ್ ಹೊಸೆ ಎಂದು ಕೇಳಿ ಖಚಿತಪಡಿಸಿಕೊಳ್ಳಿ, ಏಕೆಂದರೆ ಎದುರು ದಿಕ್ಕಿನದು ಅಲಹುವೆಲಾಕ್ಕೆ ಹೋಗುತ್ತದೆ. ಕಂಡಕ್ಟರ್ ಇರುವುದಿಲ್ಲ, ಹತ್ತುವಾಗಲೇ ಚಾಲಕನ ಕೈಗೆ ಹಣ ಕೊಡಬೇಕು. ಟಿಕೆಟ್ ಅಲ್ಲಿನ ಹಣದಲ್ಲಿ ಸಾವಿರ ಕೊಲೊನ್‌ಗಿಂತ ಕಡಿಮೆಯೇ ಇರುವುದರಿಂದ ದೊಡ್ಡ ನೋಟು ಕೊಟ್ಟರೆ ಚಿಲ್ಲರೆಗೆ ತೊಂದರೆಯಾಗುತ್ತದೆ. ಬಾಗಿಲ ಬಳಿ ಪ್ರಯಾಣಿಕರನ್ನು ಎಣಿಸುವ ಎರಡು ಕಂಬಗಳಿದ್ದರೆ ಅವುಗಳ ನಡುವೆ ನಿಲ್ಲದೆ ಒಳಗೆ ನಡೆಯಿರಿ. ಹಣ ಕೊಟ್ಟವರ ಲೆಕ್ಕಕ್ಕೂ ಯಂತ್ರದ ಲೆಕ್ಕಕ್ಕೂ ಚಾಲಕನೇ ಹೊಣೆಯಾದ್ದರಿಂದ ಅವನು ಇದನ್ನು ಬಹಳ ಗಮನಿಸುತ್ತಾನೆ.

ಆ ಬಸ್ ನಿಮ್ಮನ್ನು ಅವೆನಿದಾ 2 ಎಂಬ ಬೀದಿಯಲ್ಲಿ, ಲಾ ಮೆರ್ಸೆದ್ ಚರ್ಚಿನ ಎದುರು, ಅದನ್ನು ಅಡ್ಡಹಾಯುವ ಕಾಯೆ 12 ಎಂಬ ಬೀದಿಯ ಸಮೀಪ ಇಳಿಸುತ್ತದೆ. ತುರ್ರಿಯಾಲ್ಬಾದ ಬಸ್ಸುಗಳನ್ನು ಓಡಿಸುವ ಟ್ರಾನ್ಸ್‌ಟುಸಾ ಕಂಪನಿಯ ನಿಲ್ದಾಣ ಕಾಯೆ 13ರಲ್ಲಿ, ಅವೆನಿದಾ 6ರ ಬಳಿ, ನ್ಯಾಯಾಲಯದ ಕಟ್ಟಡಗಳಿಗೆ ಹತ್ತಿರ ಇದೆ. ಅಲ್ಲಿಂದ ಕಾರ್ತಾಗೊ ಮಾರ್ಗವಾಗಿ ಸುಮಾರು ಎರಡು ಗಂಟೆಯ ಪ್ರಯಾಣ.

ತೊಗರಿಸೀಮೆ, ಕಲಬುರಗಿ

ಅಣ್ಣನವರೇ, ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆಗಳು. ಕಾಯೆ 12ರಲ್ಲಿ ಇಳಿದು ಕಾಯೆ 13ಕ್ಕೆ ಹೋಗುವುದೆಂದರೆ ಪಕ್ಕದ ಬೀದಿಗೆ ಹೋದಂತೆ ಅಲ್ಲವೇ? ಹಾಗಿದ್ದರೆ ಸಾಮಾನು ಎಳೆದುಕೊಂಡು ನಡೆದೇ ಹೋಗಬಹುದಲ್ಲ?

ಬೀದರ್ ಕೋಟೆಬಾಗಿಲು

ಇದನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಆ ನಗರದ ಬೀದಿಗಳ ಎಣಿಕೆ ತಿಳಿಯದವರು ದಾರಿ ತಪ್ಪುವುದು ಇಲ್ಲಿಯೇ. ಉತ್ತರ ದಕ್ಷಿಣವಾಗಿ ಸಾಗುವ ಬೀದಿಗಳು ಕಾಯೆಗಳು, ಪೂರ್ವ ಪಶ್ಚಿಮವಾಗಿ ಸಾಗುವವು ಅವೆನಿದಾಗಳು. ಕಾಯೆ ಸೆಂತ್ರಾಲ್ ಎಂಬ ನಡುಬೀದಿಯಿಂದ ಪೂರ್ವಕ್ಕೆ ಹೋದಂತೆ 1, 3, 5 ಎಂದು ಬೆಸ ಸಂಖ್ಯೆಗಳು, ಪಶ್ಚಿಮಕ್ಕೆ ಹೋದಂತೆ 2, 4, 6 ಎಂದು ಸಮ ಸಂಖ್ಯೆಗಳು. ಹಾಗೆಯೇ ಅವೆನಿದಾ ಸೆಂತ್ರಾಲ್‌ನ ಉತ್ತರಕ್ಕೆ ಬೆಸ, ದಕ್ಷಿಣಕ್ಕೆ ಸಮ. ಆದ್ದರಿಂದ ಕಾಯೆ 12 ನಗರದ ಪಶ್ಚಿಮದಲ್ಲಿದೆ, ಕಾಯೆ 13 ಪೂರ್ವದಲ್ಲಿದೆ, ಎರಡರ ನಡುವೆ 13 ಅಡ್ಡರಸ್ತೆಗಳ ಅಂತರವಿದೆ. ಹೆಚ್ಚುಕಡಿಮೆ ಒಂದೂವರೆ ಕಿಲೋಮೀಟರ್ ಎಂದಿಟ್ಟುಕೊಳ್ಳಿ.

ಕೈಚೀಲ ಮಾತ್ರ ಇದ್ದರೆ ಹಗಲಿನಲ್ಲಿ ಅದು ಸೊಗಸಾದ ನಡಿಗೆ. ಅವೆನಿದಾ 2ನ್ನೇ ಹಿಡಿದು ಪೂರ್ವಕ್ಕೆ ನಡೆದರೆ ಪಾರ್ಕೆ ಸೆಂತ್ರಾಲ್, ಅದರ ಎದುರಿನ ಮಹಾಚರ್ಚು, ಮುಂದೆ 1897ರಲ್ಲಿ ಆರಂಭವಾದ ರಾಷ್ಟ್ರೀಯ ರಂಗಮಂದಿರ ಒಂದರ ನಂತರ ಒಂದು ಸಿಗುತ್ತವೆ. ಆ ರಂಗಮಂದಿರವನ್ನು ಹೊರಗಿನಿಂದಲಾದರೂ ನಿಂತು ನೋಡಿ. ಕಾಯೆ 13 ಬಂದ ಮೇಲೆ ಬಲಕ್ಕೆ ತಿರುಗಿ ಎರಡು ಅಡ್ಡರಸ್ತೆ ದಾಟಿದರೆ ಅವೆನಿದಾ 6. ದೊಡ್ಡ ಪೆಟ್ಟಿಗೆ ಇದ್ದರೆ ಈ ತುಂಡು ದಾರಿಗೆ ಮಾತ್ರ ಟ್ಯಾಕ್ಸಿ ಮಾಡಿ. ಅಧಿಕೃತ ಟ್ಯಾಕ್ಸಿಗಳು ಕೆಂಪು ಬಣ್ಣದವು, ಬಾಗಿಲ ಮೇಲೆ ಹಳದಿ ತ್ರಿಕೋನವಿರುತ್ತದೆ. ಮೀಟರ್ ಹಾಕಿಸಿಯೇ ಹೊರಡಿ.

ಇನ್ನೊಂದು ಸಂಗತಿ. ಬೀದಿಗಳಿಗೆ ಸಂಖ್ಯೆ ಇದ್ದರೂ ಜನರು ವಿಳಾಸ ಹೇಳುವಾಗ ಅದನ್ನು ಬಳಸುವುದು ಕಡಿಮೆ. ಇಂಥ ಚರ್ಚಿನಿಂದ 200 ಮೀಟರ್ ದಕ್ಷಿಣಕ್ಕೆ, 100 ಮೀಟರ್ ಪೂರ್ವಕ್ಕೆ ಎನ್ನುತ್ತಾರೆ. ಇಲ್ಲಿ 100 ಮೀಟರ್ ಎಂದರೆ ಒಂದು ಅಡ್ಡರಸ್ತೆಯಿಂದ ಮುಂದಿನದರವರೆಗೆ ಎಂದು ತಿಳಿಯಬೇಕು, ಹೆಜ್ಜೆ ಅಳೆಯುವ ಅಗತ್ಯವಿಲ್ಲ. ದಿಕ್ಕುಗಳ ಸ್ಪ್ಯಾನಿಷ್ ಹೆಸರುಗಳಾದ ನೋರ್ತೆ (ಉತ್ತರ), ಸುರ್ (ದಕ್ಷಿಣ), ಎಸ್ತೆ (ಪೂರ್ವ), ಓಎಸ್ತೆ (ಪಶ್ಚಿಮ) ಈ ನಾಲ್ಕನ್ನು ಬಾಯಿಪಾಠ ಮಾಡಿಕೊಂಡರೆ ಅರ್ಧ ಚಿಂತೆ ತೀರುತ್ತದೆ.

ಯಾದಗಿರಿ ಭೀಮಾತೀರ

ಅಣ್ಣನವರು ಹೇಳಿದ ದಾರಿ ಸರಿಯಾಗಿದೆ. ಆದರೆ ಅದೇ ಸಂಜೆ ಮುಂದುವರಿಯಬಾರದೆಂದು ನಾನು ಒತ್ತಿ ಹೇಳುತ್ತೇನೆ. ನಾನೂ ಒಬ್ಬಳೇ ಆ ನಗರವನ್ನು ದಾಟಿದವಳು. ಜೂನ್ ತಿಂಗಳಲ್ಲಿ ನಮ್ಮಲ್ಲಿ ಸಂಜೆ ಏಳರ ಹತ್ತಿರದವರೆಗೂ ಬೆಳಕಿರುತ್ತದೆ. ಸಮಭಾಜಕ ವೃತ್ತಕ್ಕೆ ಇನ್ನೂ ಸಮೀಪವಿರುವ ಆ ದೇಶದಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗಿ, ನೋಡನೋಡುತ್ತಲೇ ಕತ್ತಲಾಗುತ್ತದೆ. ಮೇಯಿಂದ ನವೆಂಬರ್‌ವರೆಗೆ ಅಲ್ಲಿ ಮಳೆಗಾಲ, ಬೆಳಗ್ಗೆ ಬಿಸಿಲಿದ್ದರೂ ಮಧ್ಯಾಹ್ನದ ಮೇಲೆ ಜೋರು ಮಳೆ ಸಾಮಾನ್ಯ. ಮೂರರ ಮೇಲೆ ಇಳಿದು, ಪಾಸ್‌ಪೋರ್ಟ್ ಸಾಲು ಮುಗಿಸಿ ಹೊರಬಂದಾಗ ಕಚೇರಿಗಳು ಬಿಡುವ ಹೊತ್ತಾಗಿರುತ್ತದೆ. ಇಪ್ಪತ್ತು ಕಿಲೋಮೀಟರಿನೊಳಗಿನ ಆ ಹೆದ್ದಾರಿಯಲ್ಲಿ ಆಗ ವಾಹನಗಳು ತೆವಳುತ್ತವೆ. ಕತ್ತಲಲ್ಲಿ, ಮಳೆಯಲ್ಲಿ, ಸಾಮಾನಿನೊಂದಿಗೆ ಗೊತ್ತಿಲ್ಲದ ರಾಜಧಾನಿಯ ನಿಲ್ದಾಣಗಳ ನಡುವೆ ಅಲೆಯುವುದು ಬೇಡ. ಅದರಲ್ಲೂ ಕೋಕಾಕೋಲಾ ನಿಲ್ದಾಣದ ಸುತ್ತಲಿನ ಬೀದಿಗಳಲ್ಲಿ ರಾತ್ರಿ ನಡೆಯಬೇಡಿರೆಂದು ಅಲ್ಲಿನವರೇ ಎಚ್ಚರಿಸುತ್ತಾರೆ.

ವಿಮಾನ ನಿಲ್ದಾಣಕ್ಕೆ ಕೆಲವೇ ಕಿಲೋಮೀಟರ್ ದೂರದ ಅಲಹುವೆಲಾದಲ್ಲಿ ಆ ರಾತ್ರಿ ತಂಗಿರಿ. ನಿಲ್ದಾಣದ ಕಿತ್ತಳೆ ಬಣ್ಣದ ಟ್ಯಾಕ್ಸಿಯಲ್ಲಿ ಹೋದರೂ ಅಷ್ಟು ದೂರಕ್ಕೆ ಹೊರೆಯಾಗದು. ಬೆಳಗ್ಗೆ ನಿದ್ದೆ ತಿಳಿದು, ಮಳೆ ಆರಂಭವಾಗುವ ಮೊದಲೇ ಅಣ್ಣನವರು ಹೇಳಿದಂತೆ ಎರಡು ಬಸ್ ಹಿಡಿದರೆ ಊಟದ ಹೊತ್ತಿಗೆ ತುರ್ರಿಯಾಲ್ಬಾದಲ್ಲಿರುತ್ತೀರಿ. ಪಾಸ್‌ಪೋರ್ಟ್ ಮತ್ತು ಹಣವನ್ನು ಬಟ್ಟೆಯೊಳಗಿನ ಚೀಲದಲ್ಲಿಡಿ, ದಿನದ ಖರ್ಚಿನ ಕೊಲೊನ್‌ಗಳನ್ನು ಮಾತ್ರ ಹೊರಗೆ ಇಟ್ಟುಕೊಳ್ಳಿ. ಬೆನ್ನುಚೀಲವನ್ನು ಬಸ್ಸಿನ ಮೇಲಿನ ಹಲಗೆಯಲ್ಲಿಟ್ಟು ನಿದ್ದೆ ಹೋಗಬೇಡಿ, ತೊಡೆಯ ಮೇಲೆಯೇ ಇರಲಿ.

ಟಿಕೆಟ್ ಕೊಳ್ಳುವಾಗ ವಿಮಾನ ಎಲ್ಲಿ ಬದಲಾಗುತ್ತದೆ ಎಂಬುದನ್ನೂ ನೋಡಿ. ಅಮೆರಿಕದಲ್ಲಿ ಬರೀ ವಿಮಾನ ಬದಲಿಸುವುದಕ್ಕೂ ಭಾರತೀಯರಿಗೆ ಅಲ್ಲಿನ ವೀಸಾ ಬೇಕು.

ಬೀದರ್ ಕೋಟೆಬಾಗಿಲು

ಅಕ್ಕನವರ ಮಾತನ್ನು ನಾನೂ ಒಪ್ಪುತ್ತೇನೆ, ಅಲಹುವೆಲಾದಲ್ಲಿ ತಂಗುವುದೇ ಮೇಲು.

ಮನಾಗುವಾ ವಿಷಯ ಉಳಿಯಿತು. ಸಾನ್ ಹೊಸೆಯ ಪಾಸೆಯೊ ಕೊಲೊನ್ ಬೀದಿಯ ಸಮೀಪದಲ್ಲಿರುವ ಟಿಕಾಬಸ್ ಎಂಬ ಬಸ್ ಕಂಪನಿಯ ನಿಲ್ದಾಣದಿಂದ ಅಲ್ಲಿಗೆ ನೇರ ಬಸ್ಸುಗಳಿವೆ. ಪೆನ್ಯಾಸ್ ಬ್ಲಾಂಕಾಸ್ ಗಡಿಯಲ್ಲಿ ಎಲ್ಲರೂ ಇಳಿಯಬೇಕು, ಕೋಸ್ಟಾ ರಿಕಾ ಬಿಡುವ ನಿರ್ಗಮನ ತೆರಿಗೆ ಕಟ್ಟಬೇಕು, ಆ ಕಡೆ ಸಾಮಾನು ತಪಾಸಣೆಯೂ ನಡೆಯುತ್ತದೆ. ಇಡೀ ದಿನ ಅದಕ್ಕೇ ಮೀಸಲಿಡಿ, ಮುಂಜಾನೆಯ ಬಸ್ಸನ್ನೇ ಆರಿಸಿ. ಮನಾಗುವಾದಲ್ಲಿ ಹೆಗ್ಗುರುತಿನ ವಿಳಾಸಗಳು ಇನ್ನೂ ಕಠಿಣ. 1972ರ ಡಿಸೆಂಬರ್ ಭೂಕಂಪದಲ್ಲಿ ಹಳೆಯ ನಗರಕೇಂದ್ರವೇ ನೆಲಸಮವಾಯಿತು, ಈಗಲೂ ಎಂದೋ ಇಲ್ಲವಾದ ಕಟ್ಟಡವನ್ನು ಗುರುತಾಗಿ ಹೇಳುವುದುಂಟು. ಉತ್ತರ ಎನ್ನುವ ಬದಲು ಕೆರೆಯ ಕಡೆಗೆ ಎನ್ನುತ್ತಾರೆ. ತಂಗುವ ಮನೆಯವರ ಫೋನ್ ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಂಡಿದ್ದು, ಚಾಲಕನೇ ಅವರೊಂದಿಗೆ ಮಾತನಾಡುವಂತೆ ಮಾಡುವುದು ಉತ್ತಮ.

ಆ ಟಿಕೆಟ್ ಕಾಯ್ದಿರಿಸುವ ಮೊದಲು ಎರಡು ವೀಸಾಗಳ ಸಂಗತಿಯನ್ನು ಇತ್ಯರ್ಥ ಮಾಡಿಕೊಳ್ಳಿ. ನಿಕರಾಗುವಾದ ಪ್ರವೇಶ ನಿಯಮವನ್ನು ಮುಂಚೆಯೇ ವಿಚಾರಿಸಬೇಕು. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಮರಳುವ ವಿಮಾನ ಸಾನ್ ಹೊಸೆಯಿಂದಲೇ ಇದ್ದರೆ ನೀವು ಕೋಸ್ಟಾ ರಿಕಾವನ್ನು ಎರಡನೆಯ ಸಲ ಪ್ರವೇಶಿಸಬೇಕಾಗುತ್ತದೆ. ಒಂದೇ ಪ್ರವೇಶದ ವೀಸಾ ಇದ್ದವರನ್ನು ಗಡಿಯಲ್ಲಿಯೇ ತಡೆಯುತ್ತಾರೆ. ದೆಹಲಿಯಲ್ಲಿರುವ ಕೋಸ್ಟಾ ರಿಕಾ ರಾಯಭಾರ ಕಚೇರಿಗೆ ಅರ್ಜಿ ಹಾಕುವಾಗಲೇ ಮನಾಗುವಾ ಯೋಜನೆಯನ್ನು ಬರೆದು, ಹಲವು ಸಲ ಪ್ರವೇಶಿಸಲು ಅನುಮತಿ ಕೊಡುವಂತೆ ಕೇಳಿರಿ.