ಗಿಟಾರ್ ತಯಾರಿಕೆಗೆ ಸ್ವಂತ ಜಿಗ್: ಮಳೆಗಾಲದಲ್ಲಿ ತಿರುಚಿದ ಅಚ್ಚು

ಪ್ರಶ್ನೆ (ಉಡುಪಿ):
650 ಮಿ.ಮೀ. ಸ್ಕೇಲಿನ (ಅಂದರೆ ತಂತಿಯ ಮಿಡಿಯುವ ಭಾಗದ ಉದ್ದ) ಕ್ಲಾಸಿಕಲ್ ಗಿಟಾರ್ ಮಾಡಲು ಹೊರಟಿದ್ದೇನೆ. ಬೇಸಿಗೆಯಲ್ಲಿ ಸಾಧಾರಣ ಪ್ಲೈವುಡ್ ಅಂಟಿಸಿ, ದೇಹದ ಆಕಾರಕ್ಕೆ ಕೊರೆದು, ಗಿಟಾರಿನ ಪಕ್ಕಗಳನ್ನು ಹಿಡಿದಿಡುವ ಹೊರ ಅಚ್ಚನ್ನು ಸಿದ್ಧಪಡಿಸಿದ್ದೆ. ಆಟಿ (ಜುಲೈ–ಆಗಸ್ಟಿನ ತುಳು ತಿಂಗಳು) ಮುಗಿಯುವಷ್ಟರಲ್ಲಿ ಅದು ತಿರುಚಿಕೊಂಡಿದ್ದು, ಕಡಪ ಕಲ್ಲಿನ ಮೇಲಿಟ್ಟರೆ ಒಂದು ಮೂಲೆ ನಾಣ್ಯದ ದಪ್ಪದಷ್ಟು ಎದ್ದು ನಿಲ್ಲುತ್ತದೆ. ಇದನ್ನು ಸರಿಪಡಿಸಬಹುದೇ? ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಕೂರಿಸುವ ಸೀಳನ್ನು ಸರಿಯಾದ ಜಾಗದಲ್ಲಿ ಕೊಯ್ಯಲು ನೆರವಾಗುವ ಜಿಗ್ಗನ್ನೂ ಮನೆಯಲ್ಲೇ ಮಾಡಬಹುದೇ?

ಉತ್ತರ (ಮಂಗಳೂರು):
ಉಜ್ಜಿ ಸರಿಪಡಿಸುವ ಶ್ರಮ ಬೇಡ, ಮುಂದಿನ ಮಳೆಗೆ ಅದು ಮತ್ತೆ ತಿರುಚುತ್ತದೆ. 18 ಮಿ.ಮೀ. ಮರೈನ್ ಪ್ಲೈವುಡ್ಡಿನಲ್ಲಿ ಹೊಸದಾಗಿ ಮಾಡಿ, ಕೊಯ್ದ ಅಂಚುಗಳಿಗೆ ಎರಡು ಕೈ ಪಾಲಿಯುರೆಥೇನ್ ಹೊಡೆಯಿರಿ. ಪ್ಲೈವುಡ್ ನೀರು ಕುಡಿಯುವುದು ಮುಖ್ಯವಾಗಿ ಅಲ್ಲಿಂದಲೇ. ಅಚ್ಚಿಗಿಂತಲೂ ನನಗೆ ಚಿಂತೆ ನಿಮ್ಮ ಮರದ್ದು. ಗಿಟಾರಿನ ಮೇಲ್ಹಲಗೆಗೆ ಬ್ರೇಸ್ (ಒಳಬದಿಯ ಆಧಾರಪಟ್ಟಿ) ಅಂಟಿಸುವಾಗ ಕೋಣೆಯ ಆರ್ದ್ರತೆ ಶೇ. 45–50ರ ಆಸುಪಾಸಿನಲ್ಲಿರಬೇಕೆನ್ನುವುದು ವಾಡಿಕೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಉಬ್ಬಿದ ಮರವನ್ನೇ ಅಂಟಿಸಿಬಿಟ್ಟರೆ, ವಾದ್ಯ ಬೆಂಗಳೂರಿನ ಮಾರ್ಚ್ ತಿಂಗಳ ಒಣಹವೆಗೆ ಹೋದಾಗ ಹಲಗೆ ಕುಗ್ಗಲು ಹೊರಟು, ಬ್ರೇಸ್ ಬಿಡದೆ ಹಿಡಿದು, ಕೊನೆಗೆ ಹಲಗೆಯೇ ಬಿರಿಯುತ್ತದೆ. ಗಾಳಿಯ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಇಲ್ಲದಿದ್ದರೆ ಆ ಕೆಲಸವನ್ನು ಜನವರಿಗೆ ಇಟ್ಟುಕೊಳ್ಳಿ. ಬ್ರೇಸ್ ಒತ್ತಿ ಹಿಡಿಯಲು ಮೇಲೊಂದು ಕೆಳಗೊಂದು ಬೇರೆ ಹಲಗೆ ನಿಲ್ಲಿಸಿ, ಕೆಳಗಿನದರ ಮೇಲೆ ಕೆಲಸವನ್ನಿಟ್ಟು, ಬ್ರೇಸಿಗೂ ಮೇಲಿನ ಹಲಗೆಗೂ ನಡುವೆ ಬಿದಿರ ಸೀಳುಗಳನ್ನು ಬಗ್ಗಿಸಿ ಸಿಕ್ಕಿಸಿದರೆ ಸಾಕು. ಕ್ಲಾಂಪ್‌ಗಳಿಗೆ ಹಣ ಹಾಕಬೇಕಾಗಿಲ್ಲ.

ಉತ್ತರ (ಕಾರ್ಕಳ):
ಫ್ರೆಟ್ ಜಿಗ್ ಮನೆಯಲ್ಲಿ ಖಂಡಿತ ಆಗುತ್ತದೆ. 650ನ್ನು ಫ್ರೆಟ್ ಲೆಕ್ಕದ ಸ್ಥಿರ ಸಂಖ್ಯೆ 17.817ರಿಂದ ಭಾಗಿಸಿದರೆ ನಟ್‌ನಿಂದ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಮೊದಲ ಫ್ರೆಟ್‌ಗೆ 36.48 ಮಿ.ಮೀ. ಬರುತ್ತದೆ; ಉಳಿದ ಉದ್ದವನ್ನು ಹಾಗೆಯೇ ಭಾಗಿಸುತ್ತ ಹೋದರೆ 12ನೆಯದು 325ಕ್ಕೆ ಬಂದು ನಿಲ್ಲಬೇಕು. ಗುರುತು ಹಾಕುವಾಗ ಮಾತ್ರ ಪ್ರತಿಯೊಂದನ್ನೂ ನಟ್‌ನಿಂದಲೇ ಅಳೆಯಿರಿ. ನಾನು ಮೊದಲ ಗಿಟಾರಿನಲ್ಲಿ ಒಂದರಿಂದ ಇನ್ನೊಂದಕ್ಕೆ ಅಳೆಯುತ್ತ ಹೋಗಿ, ಪ್ರತಿ ಸಲ ಕೂದಲೆಳೆಯಷ್ಟು ತಪ್ಪಿ, 12ಕ್ಕೆ ತಲುಪುವಾಗ ಎರಡು ಮಿ.ಮೀ. ಆಚೆಗಿದ್ದೆ. ಏನು ಮಾಡಿದರೂ ಶ್ರುತಿ ಕೂಡದ ಆ ವಾದ್ಯ ಈಗ ಗೋಡೆಯ ಮೇಲಿದೆ.

ನಾಮಫಲಕ ಮಾಡುವ ಅಂಗಡಿಯಲ್ಲಿ 3 ಮಿ.ಮೀ. ಅಕ್ರಿಲಿಕ್ ಪಟ್ಟಿಯ ಅಂಚಿಗೆ ಫ್ರೆಟ್‌ಗಳ ಅಳತೆಗೇ ಲೇಸರ್‌ನಿಂದ ಕಚ್ಚು ಕೊರೆಸಿ, ಅದನ್ನು ಫಿಂಗರ್‌ಬೋರ್ಡಿನ (ಫ್ರೆಟ್ ಕೂರುವ ಪಟ್ಟಿ) ಅಡಿಗೆ ಎರಡು ಬದಿಯ ಟೇಪಿನಿಂದ ಅಂಟಿಸಿ. ಗರಗಸವನ್ನು ನೇರ ಹಿಡಿಯುವ ಮೈಟರ್ ಬಾಕ್ಸಿನಲ್ಲಿ ಒಂದು ಉಕ್ಕಿನ ಪಿನ್ ನಿಲ್ಲಿಸಿದರೆ, ಕಚ್ಚು ಅದಕ್ಕೆ ಕೂತಾಗಲೆಲ್ಲ ಗರಗಸ ಸರಿಯಾದ ಜಾಗಕ್ಕೇ ಇಳಿಯುತ್ತದೆ.

ಪ್ರಶ್ನೆ (ಉಡುಪಿ):
ಇಬ್ಬರಿಗೂ ಧನ್ಯವಾದಗಳು. ಬಿದಿರು ಅಟ್ಟದಲ್ಲೇ ಇದೆ. ಹಲಗೆಗಳ ನಡುವೆ ಎಷ್ಟು ಅಂತರ ಬೇಕು?

ಉತ್ತರ (ಮಂಗಳೂರು):
ಸುಮಾರು ಎರಡು ಅಡಿ. ಸೀಳು ಅದಕ್ಕಿಂತ ಅರ್ಧ ಇಂಚು ಉದ್ದವಿರಲಿ. ತುದಿಗೆ ರಬ್ಬರ್ ತೊಡಿಸಲು ಮರೆಯಬೇಡಿ ಮಾರಾಯರೇ, ಜಾರಿದರೆ ಗಿಟಾರಿನ ಮೇಲ್ಹಲಗೆಯಲ್ಲಿ ಗುಳಿ ಬೀಳುತ್ತದೆ.